ಪ್ರೀಮಿಯಂ ಏರಿದಾಗೆಲ್ಲ ನೌಕರರ ಜೇಬಿಗೇ ಯಾಕೆ ಕೈ ಹಾಕ್ತೀರಿ?

ಸಂಪಾದಕರಿಗೆ ನಮಸ್ಕಾರ,

ಕಂಪನಿಗಳು ನೌಕರರಿಗೆ ಕೊಡೋ ಆರೋಗ್ಯ ವಿಮೆ ಖರ್ಚು ವರ್ಷದಿಂದ ವರ್ಷಕ್ಕೆ ಏರ್ತಾನೇ ಇದೆ, ಅದನ್ನ ಮ್ಯಾನೇಜ್‌ಮೆಂಟ್‌ನೋರು ಹೇಗೆ ನಿಭಾಯಿಸ್ತಾರೆ ಅನ್ನೋದರ ಬಗ್ಗೆ ಸ್ವಲ್ಪ ವಿವರವಾಗೇ ಬರೀಬೇಕು ಅನ್ನಿಸ್ತು. ಪತ್ರ ಉದ್ದ ಆಗತ್ತೆ, ಆದ್ರೂ ಪೂರ್ತಿ ಹಾಕಿ ಅಂತ ಕೇಳ್ಕೋತೀನಿ. ಬಿಸಿನೆಸ್ ಪೇಜಲ್ಲಿ ಈ ಸುದ್ದಿ ನಾಲ್ಕು ಸಾಲಲ್ಲಿ ಮುಗ್ದು ಹೋಗತ್ತೆ, ಏಟು ಬೀಳೋದು ಮಾತ್ರ ಮನೆಯಲ್ಲಿ ಕಾಯಿಲೆ ಇರೋರಿಗೆ. ನಾನು ಎಚ್‌ಆರ್ ಕೆಲಸದಲ್ಲಿರೋನು, ಪಾಲಿಸಿ ರಿನ್ಯೂವಲ್ ಮಾತುಕತೆಗಳಲ್ಲಿ ಕೂತು ಕೇಳಿದೀನಿ, ಹಾಗಾಗಿ ಒಳಗಡೆ ಏನು ನಡೆಯತ್ತೆ ಅಂತ ಗೊತ್ತಿದೆ.

ಗ್ರೂಪ್ ಪಾಲಿಸಿ, ಅಂದ್ರೆ ಎಲ್ಲಾ ನೌಕರರಿಗೂ ಸೇರಿಸಿ ಕಂಪನಿ ತಗೊಳ್ಳೋ ವಿಮೆ, ಅದರ ಪ್ರೀಮಿಯಂ ಹೇಗೆ ಏರತ್ತೆ ಅಂತ ಎಷ್ಟೋ ನೌಕರರಿಗೆ ಗೊತ್ತಿರಲ್ಲ. ಹೋದ ವರ್ಷ ಕಂಪನಿ ಕಟ್ಟಿದ ಪ್ರೀಮಿಯಂ ಎಷ್ಟು, ನೌಕರರು ಮಾಡಿದ ಕ್ಲೇಮ್ ಎಷ್ಟು, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡ್ತಾರೆ. ನೂರು ಕಟ್ಟಿ ನೂರಿಪ್ಪತ್ತರ ಕ್ಲೇಮ್ ಆಗಿದ್ರೆ ಮುಂದಿನ ವರ್ಷ ಆ ಇಪ್ಪತ್ತನ್ನೂ ಸೇರಿಸಿ, ಅದರ ಮೇಲೆ ಆಸ್ಪತ್ರೆ ರೇಟು ಎಷ್ಟು ಏರಬಹುದು ಅನ್ನೋ ಅಂದಾಜನ್ನೂ ಸೇರಿಸಿ, ವಿಮಾ ಕಂಪನಿಯ ಖರ್ಚು, ಲಾಭ, ನಡುವೆ ಪಾಲಿಸಿ ಮಾಡಿಸಿಕೊಡೋ ಬ್ರೋಕರ್ ಕಮಿಷನ್ ಎಲ್ಲಾ ಹಾಕಿ ಹೊಸ ರೇಟು ಹೇಳ್ತಾರೆ. ಬೇರೆ ವಿಮಾ ಕಂಪನಿಗೆ ಹೋಗ್ತೀವಿ ಅಂದ್ರೂ ಅವರು ಕೇಳೋದು ಅದೇ ಹಳೇ ಕ್ಲೇಮ್ ಲೆಕ್ಕಾನೇ, ಒಂದು ವರ್ಷ ಗಿರಾಕಿ ಹಿಡಿಯೋಕೆ ಕಡಿಮೆ ಹೇಳಬಹುದು, ಎರಡನೇ ವರ್ಷ ವಸೂಲಿ ಮಾಡ್ತಾರೆ. ಅಂದ್ರೆ ಆಸ್ಪತ್ರೆಗೆ ಹೋಗೋ ದುಡ್ಡು ಕಡಿಮೆ ಆಗದ ಹೊರತು ಪ್ರೀಮಿಯಂ ಇಳಿಯೋ ದಾರಿ ಇಲ್ಲ.

ಈಗ ಈ ಏರಿದ ರೇಟು ಟೇಬಲ್ ಮೇಲೆ ಬಂದ ತಕ್ಷಣ ಏನಾಗತ್ತೆ ಅಂದ್ರೆ, ಫೈನಾನ್ಸ್‌ನೋರು ಬಜೆಟ್ ಇಷ್ಟೇ ಅಂತಾರೆ, ಬ್ರೋಕರ್ ಲ್ಯಾಪ್‌ಟಾಪ್ ತೆಗೆದು ಆಪ್ಶನ್ ತೋರಿಸ್ತಾರೆ, ಕೋ-ಪೇ (ಪ್ರತಿ ಬಿಲ್ಲಲ್ಲಿ ನೌಕರರು ಕೈಯಿಂದ ಕೊಡೋ ಪಾಲು) ಹಾಕಿದ್ರೆ ಇಷ್ಟು ಉಳಿಯತ್ತೆ, ಡಿಡಕ್ಟಿಬಲ್ (ವಿಮೆ ಶುರುವಾಗೋಕೆ ಮುಂಚೆ ನೌಕರರೇ ಕಟ್ಟಬೇಕಾದ ಮೊದಲ ಮೊತ್ತ) ಇಟ್ರೆ ಇಷ್ಟು, ಅಪ್ಪ ಅಮ್ಮನ್ನ ಪಾಲಿಸಿಯಿಂದ ತೆಗೆದ್ರೆ ಇಷ್ಟು, ರೂಮ್ ಬಾಡಿಗೆಗೆ ಮಿತಿ ಹಾಕಿದ್ರೆ ಇಷ್ಟು, ಪ್ರೀಮಿಯಂನಲ್ಲಿ ನೌಕರರ ಪಾಲು ಜಾಸ್ತಿ ಮಾಡಿದ್ರೆ ಇಷ್ಟು. ಅರ್ಧ ಗಂಟೇಲಿ ತೀರ್ಮಾನ ಆಗಿಹೋಗತ್ತೆ. ಮಾರನೇ ದಿನ ಎಲ್ಲರಿಗೂ ಒಂದು ಮೇಲ್, ನಿಮ್ಮ ಹೆಲ್ತ್ ಬೆನಿಫಿಟ್‌ನಲ್ಲಿ ಕೆಲವು ಬದಲಾವಣೆ ಮಾಡಿದೀವಿ ಅಂತ. ನಾನು ಹೇಳೋಕೆ ಹೊರಟಿರೋದು ಒಂದೇ ಮಾತು: ಈ ಪಟ್ಟಿಯಲ್ಲಿರೋ ಯಾವುದೂ ಚಿಕಿತ್ಸೆಯ ರೇಟನ್ನ ಒಂದು ಪೈಸೆ ಇಳಿಸಲ್ಲ, ಬಿಲ್ಲು ಯಾರು ಕಟ್ಟಬೇಕು ಅನ್ನೋದನ್ನ ಮಾತ್ರ ಬದಲಾಯಿಸತ್ತೆ. ಇದನ್ನ ಖರ್ಚು ನಿರ್ವಹಣೆ ಅಂತ ಕರೆಯೋದು ಸರಿಯಲ್ಲ.

ಇದಕ್ಕೆ ಮ್ಯಾನೇಜ್‌ಮೆಂಟ್ ಕಡೆಯಿಂದ ಬರೋ ವಾದ ನನಗೂ ಗೊತ್ತು. ಎಲ್ಲಾ ಫ್ರೀ ಅಂದ್ರೆ ಜನ ಸುಮ್ಮಸುಮ್ಮನೆ ಆಸ್ಪತ್ರೆಗೆ ಹೋಗ್ತಾರೆ, ಬೇಡದ ಟೆಸ್ಟ್ ಎಲ್ಲಾ ಮಾಡಿಸ್ತಾರೆ, ಕೈಯಿಂದ ಸ್ವಲ್ಪ ಹೋದ್ರೆ ಜಾಗ್ರತೆ ಬರತ್ತೆ ಅಂತ. ವಾದ ಪೂರ್ತಿ ಸುಳ್ಳಲ್ಲ. ಅಮೆರಿಕಾದಲ್ಲಿ ರ‍್ಯಾಂಡ್ ಅನ್ನೋ ಸಂಶೋಧನಾ ಸಂಸ್ಥೆ 1974ರಿಂದ 1982ರ ತನಕ ಇದನ್ನೇ ಪರೀಕ್ಷೆ ಮಾಡಿ ನೋಡಿತು, ಜೋಸೆಫ್ ನ್ಯೂಹೌಸ್ ಅನ್ನೋ ಅರ್ಥಶಾಸ್ತ್ರಜ್ಞರ ನೇತೃತ್ವದಲ್ಲಿ. 2,700ಕ್ಕೂ ಹೆಚ್ಚು ಕುಟುಂಬಗಳನ್ನ ಬೇರೆ ಬೇರೆ ಪ್ಲಾನ್‌ಗೆ ಹಾಕಿದ್ರು, ಕೆಲವರಿಗೆ ಪೂರ್ತಿ ಫ್ರೀ, ಕೆಲವರು ಬಿಲ್ಲಿನ ಶೇ. 25 ಕೊಡಬೇಕು, ಕೆಲವರು ಶೇ. 50, ಕೆಲವರು ಶೇ. 95, ವರ್ಷಕ್ಕೆ ಇಷ್ಟಕ್ಕಿಂತ ಜಾಸ್ತಿ ಕಟ್ಟೋದು ಬೇಡ ಅಂತ ಒಂದು ಮಿತಿ ಇಟ್ಟಿದ್ರು. ದುಡ್ಡು ಕೊಡಬೇಕಾದವರು ಡಾಕ್ಟರ್ ಹತ್ರ ಹೋಗೋದು ನಿಜಕ್ಕೂ ಕಡಿಮೆ ಆಯ್ತು, ಖರ್ಚೂ ಇಳೀತು. ಮ್ಯಾನೇಜ್‌ಮೆಂಟ್‌ನೋರು ಇಲ್ಲಿಗೇ ಓದೋದು ನಿಲ್ಲಿಸ್ತಾರೆ. ಆದ್ರೆ ಅದೇ ಅಧ್ಯಯನ ಮುಂದೆ ಹೇಳೋದೇನಂದ್ರೆ ಜನ ಬೇಡದ ಚಿಕಿತ್ಸೆಯನ್ನ ಎಷ್ಟು ಬಿಟ್ರೋ ಬೇಕೇ ಬೇಕಾದ ಚಿಕಿತ್ಸೆಯನ್ನೂ ಹೆಚ್ಚುಕಡಿಮೆ ಅಷ್ಟೇ ಬಿಟ್ರು. ಆರೋಗ್ಯವಾಗಿದ್ದ ಸಾಮಾನ್ಯ ಜನಕ್ಕೆ ಅದರಿಂದ ದೊಡ್ಡ ತೊಂದರೆ ಆಗ್ಲಿಲ್ಲ, ಬಡವರಾಗಿದ್ದು ಬಿಪಿ ಇದ್ದವರಿಗೆ ಬಿಪಿ ಹತೋಟಿಗೆ ಬಂದಿದ್ದು ಫ್ರೀ ಪ್ಲಾನ್‌ನಲ್ಲೇ ಜಾಸ್ತಿ. ಯಾವ ಟೆಸ್ಟ್ ಬೇಕು ಯಾವುದು ಬೇಡ ಅಂತ ಡಾಕ್ಟರೇ ಹೇಳಬೇಕಾದ ವಿಷಯ, ಅದನ್ನ ರೋಗಿ ಪರ್ಸ್ ನೋಡ್ಕೊಂಡು ತೀರ್ಮಾನ ಮಾಡ್ತಾನೆ ಅಂದ್ರೆ ಇನ್ನೇನಾಗತ್ತೆ ಹೇಳಿ.

ಅದು ಹಳೇ ಕಥೆ ಅಂತೀರಾ, 2017ರಲ್ಲಿ ಇನ್ನೊಂದು ಅಧ್ಯಯನ ಪ್ರಕಟ ಆಯ್ತು. ಅಮೆರಿಕಾದ ಒಂದು ದೊಡ್ಡ ಕಂಪನಿ (ಹೆಸರು ಹೊರಗೆ ಹಾಕಿಲ್ಲ) ತನ್ನ ಸಾವಿರಾರು ನೌಕರರನ್ನ ಫ್ರೀ ಪ್ಲಾನ್‌ನಿಂದ ಹೈ ಡಿಡಕ್ಟಿಬಲ್ ಪ್ಲಾನ್‌ಗೆ ಬದಲಾಯಿಸಿತ್ತು. ಒಳ್ಳೇ ಸಂಬಳದ, ಓದಿಕೊಂಡ ಜನ, ಬೆಲೆ ಹೋಲಿಸಿ ನೋಡೋಕೆ ಅವರಿಗೆ ಆನ್‌ಲೈನ್ ಸೌಲಭ್ಯಾನೂ ಕೊಟ್ಟಿದ್ರು. ಖರ್ಚು ಶೇ. 12ರಿಂದ 14ರಷ್ಟು ಇಳೀತು, ಆದ್ರೆ ಜನ ಅಗ್ಗದ ಕಡೆ ಹುಡುಕ್ಕೊಂಡು ಹೋದ್ರು ಅನ್ನೋದಕ್ಕೆ ಪುರಾವೆ ಸಿಗಲೇ ಇಲ್ಲ, ಇಳಿದಿದ್ದೆಲ್ಲಾ ಚಿಕಿತ್ಸೆಗೇ ಹೋಗದೆ ಇದ್ದಿದ್ರಿಂದ. ಬೇಕಾದ ಚಿಕಿತ್ಸೆ ಬೇಡದ ಚಿಕಿತ್ಸೆ ಎರಡೂ ಕಟ್. ಅಂಥವರೇ ಬೆಲೆ ಹೋಲಿಸಿಲ್ಲ ಅಂದಮೇಲೆ, ಜ್ವರದಲ್ಲಿ ಮಲಗಿರೋ ಮಗುನ ಎತ್ಕೊಂಡು ಓಡೋ ತಾಯಿ ಮೂರು ಆಸ್ಪತ್ರೆ ರೇಟು ವಿಚಾರಿಸ್ತಾಳೆ ಅಂತ ಯಾರು ನಂಬ್ತಾರೋ ನನಗೆ ಗೊತ್ತಿಲ್ಲ.

ಮತ್ತೆ ಇನ್ನೊಂದು ಮಾತು. ಸಕ್ಕರೆ ಕಾಯಿಲೆ, ಬಿಪಿ ಇರೋರು ಮಾತ್ರೆ ತಪ್ಪಿಸಿದ್ರೆ ಆ ವರ್ಷದ ಲೆಕ್ಕದಲ್ಲಿ ಅದು ಉಳಿತಾಯ ಅಂತಾನೇ ಕಾಣಿಸತ್ತೆ. ಕಿಡ್ನಿ ಹೋಗೋದು, ಸ್ಟ್ರೋಕ್ ಆಗೋದು ಆಮೇಲೆ. ಅಷ್ಟೊತ್ತಿಗೆ ಆ ಉಳಿತಾಯ ತೋರಿಸಿ ಶಭಾಷ್ ಅನ್ನಿಸ್ಕೊಂಡ ಮ್ಯಾನೇಜರ್ ಬೇರೆ ಕಂಪನಿಗೆ ಹೋಗಿರ್ತಾರೆ, ಬಿಲ್ಲು ಮಾತ್ರ ಇಲ್ಲೇ ಬರತ್ತೆ. ಈ ವರ್ಷದ ಬಜೆಟ್ ಒಂದನ್ನೇ ನೋಡೋ ಅಭ್ಯಾಸ ಇದೆಯಲ್ಲ, ಅದೇ ಈ ಇಡೀ ವಿಷಯದ ದೊಡ್ಡ ರೋಗ ಅಂತ ನನ್ನ ಅಭಿಪ್ರಾಯ.

ಉಲ್ಟಾ ದಾರಿ ಹಿಡಿದು ನೋಡಿದವರೂ ಇದಾರೆ. ಹಾರ್ಟ್ ಅಟ್ಯಾಕ್ ಆಗಿ ಆಸ್ಪತ್ರೆಯಿಂದ ಮನೆಗೆ ಬಂದವರಿಗೆ ಮುಂದಿನ ಮಾತ್ರೆಗಳನ್ನ ಪೂರ್ತಿ ಫ್ರೀ ಕೊಟ್ರೆ ಏನಾಗತ್ತೆ ಅಂತ ಅಮೆರಿಕಾದಲ್ಲಿ 5,855 ಜನರ ಮೇಲೆ ಅಧ್ಯಯನ ಮಾಡಿ 2011ರಲ್ಲಿ ಫಲಿತಾಂಶ ಪ್ರಕಟಿಸಿದ್ರು. ಪವಾಡ ಏನೂ ಆಗ್ಲಿಲ್ಲ, ಅದನ್ನೂ ಹೇಳಿಬಿಡ್ತೀನಿ, ಮಾತ್ರೆ ಸರಿಯಾಗಿ ತಗೊಳ್ಳೋರ ಪ್ರಮಾಣ ನಾಲ್ಕರಿಂದ ಆರು ಪರ್ಸೆಂಟೇಜ್ ಪಾಯಿಂಟ್ ಏರಿತು ಅಷ್ಟೇ. ಆದ್ರೆ ಮಾತ್ರೆ ಫ್ರೀ ಕೊಟ್ಟಿದ್ದಕ್ಕೆ ಒಟ್ಟು ಖರ್ಚು ಏರಲಿಲ್ಲ, ರೋಗಿಗಳ ಕೈಯಿಂದ ಹೋಗೋ ದುಡ್ಡು ಮಾತ್ರ ಇಳೀತು. ಖರ್ಚು ಏರದೆ ಜನಕ್ಕೆ ಅನುಕೂಲ ಆಗತ್ತೆ ಅಂದ್ರೆ ಅದಕ್ಕಿಂತ ಇನ್ನೇನು ಬೇಕು? ಅದೇ ಥರ ನಾರ್ತ್ ಕೆರೊಲಿನಾದ ಆಶ್‌ವಿಲ್ ಅನ್ನೋ ಊರಿನ ನಗರಾಡಳಿತ 1996ರಲ್ಲೇ ತನ್ನ ಸಕ್ಕರೆ ಕಾಯಿಲೆಯ ನೌಕರರಿಗೆ ಒಂದು ವ್ಯವಸ್ಥೆ ಮಾಡಿತ್ತು. ಔಷಧಿ ಅಂಗಡಿಯ ಫಾರ್ಮಸಿಸ್ಟ್‌ಗಳೇ ಆಗಾಗ ಅವರನ್ನ ಕೂರಿಸ್ಕೊಂಡು ಮಾತ್ರೆ, ಶುಗರ್ ಲೆಕ್ಕ, ಕಾಲಿನ ಆರೈಕೆ ಎಲ್ಲಾ ನೋಡೋದು, ಅದಕ್ಕೆ ನಗರಾಡಳಿತಾನೇ ದುಡ್ಡು ಕೊಡೋದು. ಇದಕ್ಕೇನು ಭಾರಿ ತಂತ್ರಜ್ಞಾನ ಬೇಕಾಗಿಲ್ಲ.

ಇನ್ನು ವೆಲ್‌ನೆಸ್ ಪ್ರೋಗ್ರಾಂ. ಸ್ಟೆಪ್ ಚಾಲೆಂಜ್, ಹೆಲ್ತ್ ಚೆಕಪ್, ಆ್ಯಪ್‌ನಲ್ಲಿ ಪಾಯಿಂಟ್ಸ್. ಜನ ನಡೆದ್ರೆ ಒಳ್ಳೇದೇ, ಬೇಡ ಅನ್ನಲ್ಲ. ಆದ್ರೆ ಇದರಿಂದ ಕ್ಲೇಮ್ ಇಳಿಯತ್ತೆ ಅಂತ ಮಾರ್ತಾರಲ್ಲ, ಅದಕ್ಕೆ ಆಧಾರ ಕಮ್ಮಿ. ಇಲಿನಾಯ್ ಯೂನಿವರ್ಸಿಟಿಯಲ್ಲಿ 2016ರಲ್ಲಿ ಸುಮಾರು 5,000 ನೌಕರರನ್ನ ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ ನೋಡಿದ್ರೆ ಚಿಕಿತ್ಸೆ ಖರ್ಚಲ್ಲಿ ಗಮನಿಸೋ ಅಂಥ ವ್ಯತ್ಯಾಸ ಬರ್ಲಿಲ್ಲ, ಸೇರಿಕೊಂಡವರು ಮೊದಲಿಂದಾನೇ ಕಡಿಮೆ ಖರ್ಚಿನವರಾಗಿದ್ರು ಅನ್ನೋದು ಗೊತ್ತಾಯ್ತು. ಬಿಜೆಸ್ ಅನ್ನೋ ಅಂಗಡಿ ಸರಪಳಿಯ ಸುಮಾರು 33,000 ನೌಕರರ ಮೇಲೆ ಮಾಡಿದ, 2019ರಲ್ಲಿ ಬಂದ ಅಧ್ಯಯನದಲ್ಲೂ ಹದಿನೆಂಟು ತಿಂಗಳಾದ ಮೇಲೆ ಖರ್ಚು ಇಳಿದಿರಲಿಲ್ಲ, ರಜೆ ಹಾಕೋದೂ ಕಡಿಮೆ ಆಗಿರಲಿಲ್ಲ. ಆ ದುಡ್ಡಲ್ಲಿ ಶುಗರ್ ಇರೋರಿಗೆ ಮಾತ್ರೆ ಫ್ರೀ ಕೊಡಬಹುದಿತ್ತು.

ಹಾಗಾದ್ರೆ ಖರ್ಚು ಎಲ್ಲಿ ಇಳಿಸಬಹುದು? ಆಸ್ಪತ್ರೆ ಹಾಕೋ ರೇಟಲ್ಲಿ. ಇಲ್ಲಿ ಕೈ ಹಾಕೋಕೆ ಮಾಲೀಕರು ಹಿಂಜರೀತಾರೆ, ಯಾಕಂದ್ರೆ ನೌಕರರ ಹತ್ರ ಕಠಿಣವಾಗಿರೋದು ಸುಲಭ, ದೊಡ್ಡ ಆಸ್ಪತ್ರೆ ಹತ್ರ ಕಷ್ಟ. ಕ್ಯಾಲಿಫೋರ್ನಿಯಾದ ಸರ್ಕಾರಿ ನೌಕರರ ಯೋಜನೆ ಕ್ಯಾಲ್ಪರ್ಸ್ ನೋಡಿದ್ರೆ, ಮಂಡಿ ಮತ್ತು ಸೊಂಟದ ಕೀಲು ಬದಲಾಯಿಸೋ ಒಂದೇ ಆಪರೇಷನ್‌ಗೆ ಒಂದು ಕಡೆ 15,000 ಡಾಲರ್, ಇನ್ನೊಂದು ಕಡೆ 1,10,000 ಡಾಲರ್ ಬಿಲ್ಲು ಬರ್ತಿತ್ತು. ಗುಣಮಟ್ಟದಲ್ಲಿ ಅಷ್ಟು ವ್ಯತ್ಯಾಸ ಇಲ್ಲ. 2011ರಲ್ಲಿ ಅವರು ನಾವು 30,000ಕ್ಕಿಂತ ಜಾಸ್ತಿ ಕೊಡಲ್ಲ, ಈ ರೇಟಿಗೆ ಚೆನ್ನಾಗಿ ಮಾಡೋ ಆಸ್ಪತ್ರೆಗಳ ಪಟ್ಟಿ ಇಲ್ಲಿದೆ ಅಂದ್ರು. ಜನ ಆ ಕಡೆ ಹೋದ್ರು, ದುಬಾರಿ ಆಸ್ಪತ್ರೆಗಳು ತಾವಾಗೇ ರೇಟು ಇಳಿಸಿದ್ವು. ಇದನ್ನ ಎಲ್ಲದಕ್ಕೂ ಮಾಡೋಕಾಗಲ್ಲ, ಮಂಡಿ ಆಪರೇಷನ್‌ಗೆ ತಿಂಗಳು ಮುಂಚೆ ಯೋಚನೆ ಮಾಡಿ ಆಸ್ಪತ್ರೆ ಆರಿಸಬಹುದು, ಎದೆನೋವು ಬಂದಾಗ ಯಾವ ಪಟ್ಟೀನೂ ನೋಡೋಕಾಗಲ್ಲ. ಅಷ್ಟು ವಿವೇಚನೆ ಇಟ್ಕೊಂಡು ಮಾಡಿದ್ರೆ ಮಾತ್ರ ಇದು ನ್ಯಾಯ.

ನನಗೆ ಇನ್ನೂ ಹೆಚ್ಚು ಹಿಡಿಸಿದ್ದು ಮೊಂಟಾನಾ ರಾಜ್ಯದ್ದು. ಸುಮಾರು 30,000 ಜನ ಇದ್ದ ಅಲ್ಲಿನ ಸರ್ಕಾರಿ ನೌಕರರ ಆರೋಗ್ಯ ಯೋಜನೆ ದಿವಾಳಿ ಹಾದೀಲಿತ್ತು. 2014ರ ಕೊನೆಗೆ ಮೆರಿಲಿನ್ ಬಾರ್ಟ್‌ಲೆಟ್ ಅನ್ನೋ ಅಧಿಕಾರಿ ಜವಾಬ್ದಾರಿ ತಗೊಂಡ್ರು, ಲೆಕ್ಕಪತ್ರದಲ್ಲಿ ಪಳಗಿದವರು, ಮುಂಚೆ ವಿಮಾ ಕಂಪನಿಯಲ್ಲೂ ಕೆಲಸ ಮಾಡಿದ್ದವರು. ಆಸ್ಪತ್ರೆ ತಾನೇ ಒಂದು ದೊಡ್ಡ ರೇಟು ಹಾಕಿ ಅದರ ಮೇಲೆ ಇಷ್ಟು ಡಿಸ್ಕೌಂಟ್ ಅಂತ ಕೊಡತ್ತೆ, ವಿಮಾ ಕಂಪನಿಯೋರು ಆ ಡಿಸ್ಕೌಂಟ್ ತೋರಿಸಿ ನಿಮಗೆ ಉಳಿಸಿದ್ವಿ ಅಂತಾರೆ. ಮೂಲ ರೇಟೇ ಉಬ್ಬಿಸಿದ್ದಾದ್ರೆ ಶೇ. 50 ಡಿಸ್ಕೌಂಟ್‌ಗೆ ಏನು ಬೆಲೆ? ಅವರು ಡಿಸ್ಕೌಂಟ್ ಮಾತೇ ಬೇಡ ಅಂದ್ಬಿಟ್ರು. ವಯಸ್ಸಾದವರಿಗಾಗಿ ಅಮೆರಿಕಾ ಸರ್ಕಾರ ನಡೆಸೋ ಮೆಡಿಕೇರ್ ಒಂದು ಚಿಕಿತ್ಸೆಗೆ ಎಷ್ಟು ಕೊಡತ್ತೋ ಅದನ್ನ ಅಡಿಪಾಯ ಇಟ್ಕೊಂಡು ಅದರ ಇಷ್ಟು ಪಟ್ಟು ಕೊಡ್ತೀವಿ, ಸರಾಸರಿ ಎರಡು ಪಟ್ಟಿಗಿಂತ ಸ್ವಲ್ಪ ಜಾಸ್ತಿ, ಒಪ್ಪೋರು ಬನ್ನಿ ಅಂದ್ರು. ಒಬ್ಬೊಬ್ಬರಾಗಿ ಆಸ್ಪತ್ರೆಯೋರು ಒಪ್ಪಿದ್ರು, ಒಂದು ದೊಡ್ಡ ಆಸ್ಪತ್ರೆ ಕೊನೇವರೆಗೂ ಒಪ್ಪಲಿಲ್ಲ. ಆಗ ನೌಕರರ ಯೂನಿಯನ್‌ನೋರೇ ಆ ಆಸ್ಪತ್ರೆಗೆ ಫೋನ್ ಮಾಡಿ, ಪತ್ರ ಬರೆದು ಒತ್ತಾಯ ಮಾಡಿದ್ರು, ಅದೂ ಸಹಿ ಹಾಕಿತು. ಸಾಲದಲ್ಲಿ ಮುಳುಗತ್ತೆ ಅಂತಿದ್ದ ಯೋಜನೆ 2017ರ ಕೊನೆಗೆ 11 ಕೋಟಿ ಡಾಲರ್‌ಗೂ ಮೀರಿದ ಮೀಸಲು ನಿಧಿ ಇಟ್ಕೊಂಡಿತ್ತು.

ಯೂನಿಯನ್‌ನೋರು ಯಾಕೆ ಕೈ ಜೋಡಿಸಿದ್ರು ಅಂದ್ರೆ ಲೆಕ್ಕ ಅವರ ಮುಂದೆ ಇತ್ತು, ದುಡ್ಡು ಎಲ್ಲಿಗೆ ಹೋಗ್ತಿದೆ ಅಂತ ಗೊತ್ತಿತ್ತು. ಎಷ್ಟು ಕಂಪನಿಗಳು ತಮ್ಮ ನೌಕರರ ಮುಂದೆ ಕ್ಲೇಮ್ ಲೆಕ್ಕ ಇಡ್ತಾರೆ? ನೌಕರರಿಗೆ ಬಿಡಿ, ಎಷ್ಟೋ ಕಡೆ ಮ್ಯಾನೇಜ್‌ಮೆಂಟ್‌ಗೇ ಯಾವ ಆಸ್ಪತ್ರೆ ಯಾವುದಕ್ಕೆ ಎಷ್ಟು ಹಾಕಿದೆ ಅನ್ನೋ ವಿವರ ಇರಲ್ಲ, ಬ್ರೋಕರ್ ಕೊಟ್ಟ ಬಣ್ಣದ ಚಾರ್ಟ್ ಇರತ್ತೆ ಅಷ್ಟೇ. ಆ ಬ್ರೋಕರ್‌ಗೆ ಕಮಿಷನ್ ಬರೋದು ಪ್ರೀಮಿಯಂ ಮೇಲೆ ಇಷ್ಟು ಪರ್ಸೆಂಟ್ ಅಂತಾದ್ರೆ ಪ್ರೀಮಿಯಂ ಇಳಿಸೋಕೆ ಅವರಿಗೆ ಯಾವ ಆಸಕ್ತಿ ಇರತ್ತೆ? ಒಳ್ಳೇ ಬ್ರೋಕರ್‌ಗಳನ್ನೂ ನೋಡಿದೀನಿ, ವ್ಯಕ್ತಿಗಳ ಮೇಲೆ ನನ್ನ ದೂರಿಲ್ಲ, ವ್ಯವಸ್ಥೆ ಹಾಗಿದೆ. ಅಮೆರಿಕಾದಲ್ಲಿ 2020ರ ಕೊನೆಗೆ ಪಾಸಾದ ಕಾನೂನಲ್ಲಿ ಆರೋಗ್ಯ ಯೋಜನೆಯ ಬ್ರೋಕರ್ ತನಗೆ ಎಲ್ಲೆಲ್ಲಿಂದ ಎಷ್ಟು ಬರತ್ತೆ ಅಂತ ಮಾಲೀಕರಿಗೆ ಬರೆದು ಕೊಡಬೇಕು, ಆಸ್ಪತ್ರೆ ರೇಟನ್ನ ಮುಚ್ಚಿಡೋ ಷರತ್ತು ಒಪ್ಪಂದದಲ್ಲಿ ಇರಬಾರದು ಅಂತ ಮಾಡಿದ್ರು. ಕಾನೂನು ಇಲ್ಲದ ಕಡೆಯೂ ಇದನ್ನ ಕೇಳೋಕೆ ಯಾವ ಕಂಪನಿಗೂ ಅಡ್ಡಿ ಇಲ್ಲ.

ದೊಡ್ಡವರೆಲ್ಲ ಸೇರಿದ್ರೆ ಸಾಕು ಅಂತಾನೂ ಅಲ್ಲ. ಅಮೆಜಾನ್, ಬರ್ಕ್‌ಷೈರ್ ಹ್ಯಾಥವೇ, ಜೆಪಿ ಮೋರ್ಗನ್ ಮೂರೂ ಸೇರಿ 2018ರಲ್ಲಿ ತಮ್ಮ ನೌಕರರ ಚಿಕಿತ್ಸೆ ಖರ್ಚು ಇಳಿಸ್ತೀವಿ ಅಂತ ಘೋಷಣೆ ಮಾಡಿದ್ರು, ಹೇವನ್ ಅಂತ ಹೆಸರಿಟ್ಟು, ಹೆಸರಾಂತ ಸರ್ಜನ್, ಲೇಖಕ ಡಾಕ್ಟರ್ ಅತುಲ್ ಗವಾಂಡೆ ಅಂಥವರನ್ನ ಮುಖ್ಯಸ್ಥರನ್ನಾಗಿ ಮಾಡಿದ್ರು, 2021ರ ಶುರುವಲ್ಲೇ ಮುಚ್ಚಿದ್ರು. ನನ್ನ ಪ್ರಕಾರ ಒಂದು ಕಾರಣ, ಮೂರು ಕಂಪನಿಗಳ ನೌಕರರು ದೇಶದ ತುಂಬ ಹರಡಿಕೊಂಡಿದ್ರು. ಒಂದು ಊರಿನ ಆಸ್ಪತ್ರೆ ಜೊತೆ ಚೌಕಾಸಿ ಮಾಡಬೇಕಾದ್ರೆ ಆ ಊರಲ್ಲಿ ನಿಮ್ಮ ಜನ ಎಷ್ಟಿದಾರೆ ಅನ್ನೋದು ಲೆಕ್ಕಕ್ಕೆ ಬರತ್ತೆ, ದೇಶದಲ್ಲಿ ಒಟ್ಟು ಎಷ್ಟಿದಾರೆ ಅನ್ನೋದಲ್ಲ. ಹಾಗಾಗಿ ಒಂದೇ ಪ್ರದೇಶದ ಸಣ್ಣ ಸಣ್ಣ ಕಂಪನಿಗಳು ಒಟ್ಟಾಗಿ ಹೋದ್ರೆ ಹೆಚ್ಚು ಬಲ ಅಂತ ನನಗನ್ಸತ್ತೆ.

ಸಣ್ಣ ಕಂಪನಿ ಅಂದಾಗ ಒಂದು ವಿಷಯ ಹೇಳಲೇಬೇಕು, ಇದು ನನ್ನ ಮನಸ್ಸಿಗೆ ತುಂಬ ನೋವು ಕೊಡೋ ವಿಷಯ. ಮೂವತ್ತು ನಲವತ್ತು ಜನ ಇರೋ ಕಡೆ ಒಬ್ಬರಿಗೆ ಕ್ಯಾನ್ಸರ್ ಆದ್ರೆ, ಒಂದು ಮಗು ಅವಧಿಗೆ ಮುಂಚೆ ಹುಟ್ಟಿ ಎನ್‌ಐಸಿಯುನಲ್ಲಿ (ಹಸುಗೂಸುಗಳ ತೀವ್ರ ನಿಗಾ ಘಟಕ) ತಿಂಗಳುಗಟ್ಟಲೆ ಇದ್ರೆ ಇಡೀ ಗುಂಪಿನ ಲೆಕ್ಕ ತಲೆಕೆಳಗಾಗತ್ತೆ, ಆಗ ಪ್ರೀಮಿಯಂ ಏರಿದ್ದು ಯಾರಿಂದ ಅಂತ ಎಲ್ಲರಿಗೂ ಗೊತ್ತಾಗಿಬಿಡತ್ತೆ. ಬಾಯಿಬಿಟ್ಟು ಯಾರೂ ಹೇಳಲ್ಲ, ಆದ್ರೆ ಆ ಮನುಷ್ಯ ಕೀಮೋ ಮುಗಿಸ್ಕೊಂಡು ಆಫೀಸಿಗೆ ಬಂದಾಗ ಬೇರೆಯವರ ನೋಟ ಬದಲಾಗಿರತ್ತೆ, ಅಪ್ರೈಸಲ್‌ನಲ್ಲಿ ಹಿಂದೆ ಬೀಳ್ತಾರೆ, ಇನ್ನು ಕೆಲವರು ಇದಕ್ಕೇ ಹೆದರಿ ಮಾನಸಿಕ ತೊಂದರೆಗೆ ಕ್ಲೇಮೇ ಮಾಡಲ್ಲ. ಯಾರ ಕ್ಲೇಮ್ ಅನ್ನೋ ಹೆಸರು ಮ್ಯಾನೇಜ್‌ಮೆಂಟ್‌ಗೆ ಹೋಗಲೇಬಾರದು, ಚಿಕಿತ್ಸೆಗೆ ಎಷ್ಟಾಯ್ತು, ಯಾವ ಆಸ್ಪತ್ರೆ, ಅಷ್ಟೇ ಸಾಕು. ಕಾಯಿಲೆ ಬಿದ್ದವರನ್ನ ಖರ್ಚು ಅಂತ ನೋಡೋಕೆ ಶುರು ಮಾಡಿದ್ರೆ ಮುಂದಿನ ಹೆಜ್ಜೆ ಅವರನ್ನ ಕೆಲಸಕ್ಕೇ ತಗೊಳ್ಳದೆ ಇರೋದು, ವಯಸ್ಸಾದವರನ್ನ ದೂರ ಇಡೋದು.

ಜರ್ಮನಿಯಲ್ಲಿ 1883ರಿಂದಾನೇ ಇರೋ ಆರೋಗ್ಯ ವಿಮೆ ವ್ಯವಸ್ಥೆಯಲ್ಲಿ ಈ ತೊಂದರೆ ಇಲ್ಲ. ಅಲ್ಲಿ ವಂತಿಗೆ ಸಂಬಳದ ಮೇಲೆ ಇಷ್ಟು ಶೇಕಡಾ ಅಂತ, ಮಾಲೀಕರು ಅರ್ಧ ನೌಕರರು ಅರ್ಧ, ಕಂಪನಿಯಲ್ಲಿ ಯಾರಿಗೆ ಏನು ಕಾಯಿಲೆ ಅನ್ನೋದರ ಮೇಲೆ ರೇಟು ಬದಲಾಗಲ್ಲ. ಅಲ್ಲೂ ಖರ್ಚು ಏರ್ತಿದೆ, ಅಲ್ಲೂ ಜಗಳ ಇದೆ. ಆದ್ರೆ ಒಬ್ಬರ ಕ್ಯಾನ್ಸರ್ ಪಕ್ಕದ ಟೇಬಲ್‌ನೋರ ಪ್ರೀಮಿಯಂ ಏರಿಸಲ್ಲ. ಅಂಥ ವ್ಯವಸ್ಥೆ ಇಲ್ಲದ ಕಡೆ ಕನಿಷ್ಠ ಒಂದು ಕೆಲಸ ಮಾಡಬಹುದು, ನೌಕರರ ಪಾಲು ಏರಿಸಲೇಬೇಕು ಅಂದ್ರೆ ಸಂಬಳಕ್ಕೆ ತಕ್ಕ ಹಾಗೆ ಏರಿಸಿ. ಡ್ರೈವರ್‌ಗೂ ಡೈರೆಕ್ಟರ್‌ಗೂ ಒಂದೇ ಡಿಡಕ್ಟಿಬಲ್ ಇಟ್ರೆ ಡೈರೆಕ್ಟರ್‌ಗೆ ಅದು ಗೊತ್ತೇ ಆಗಲ್ಲ, ಡ್ರೈವರ್ ಸಾಲ ಮಾಡಬೇಕಾಗತ್ತೆ. ಕೆಲವು ಕಂಪನಿಗಳು ಈಗಾಗಲೇ ಸಂಬಳದ ಪ್ರಕಾರ ಪಾಲು ಇಟ್ಟಿದಾರೆ, ಆಗದ ಕೆಲಸ ಏನಲ್ಲ.

ಮಾಲೀಕರ ಕಷ್ಟ ಸುಳ್ಳು ಅಂತ ನಾನು ಹೇಳ್ತಿಲ್ಲ. ಅಮೆರಿಕಾದಲ್ಲಿ 2024ರಲ್ಲಿ ಕಂಪನಿ ಮೂಲಕ ಒಂದು ಕುಟುಂಬಕ್ಕೆ ಸಿಗೋ ವಿಮೆಯ ಸರಾಸರಿ ವಾರ್ಷಿಕ ಪ್ರೀಮಿಯಂ 25,572 ಡಾಲರ್ ಆಗಿತ್ತು, ಅದರಲ್ಲಿ ನೌಕರರ ಪಾಲು 6,296, ಉಳಿದಿದ್ದು ಮಾಲೀಕರದ್ದು. ತೂಕ ಇಳಿಸೋ ಹೊಸ ಇಂಜೆಕ್ಷನ್‌ಗಳ ಬೆಲೆ ತಡೆಯೋಕಾಗದೆ ನಾರ್ತ್ ಕೆರೊಲಿನಾದ ಸರ್ಕಾರಿ ನೌಕರರ ಯೋಜನೆ 2024ರ ಏಪ್ರಿಲ್‌ನಿಂದ ಬೊಜ್ಜಿಗೆ ಅದನ್ನ ಕೊಡೋದೇ ನಿಲ್ಲಿಸಿತು. ಭಾರ ನಿಜ. ಆದ್ರೆ ಆ ಮಾಲೀಕರ ಪಾಲು ಅಂತೀವಲ್ಲ, ಅದು ಧರ್ಮಕ್ಕೆ ಕೊಡೋದಲ್ಲ, ಅದೂ ದುಡಿಮೆಗೆ ಕೊಡೋ ಕೂಲೀನೇ. ಎರಡನೇ ಮಹಾಯುದ್ಧದಲ್ಲಿ 1942ರಲ್ಲಿ ಅಮೆರಿಕಾ ಸರ್ಕಾರ ಸಂಬಳ ಏರಿಸಬಾರದು ಅಂತ ಕಟ್ಟು ಹಾಕಿದಾಗ ಕೆಲಸಗಾರರನ್ನ ಹಿಡಿದಿಟ್ಕೊಳ್ಳೋಕೆ ಕಂಪನಿಗಳು ಸಂಬಳದ ಬದಲು ಆರೋಗ್ಯ ವಿಮೆ ಕೊಡೋಕೆ ಶುರು ಮಾಡಿದ್ರು, ಅದು ಅಲ್ಲಿ ಬೇರೂರಿದ್ದು ಹಾಗೆ. ಸಂಬಳ ಕಡಿತ ಮಾಡಿದ್ರೆ ಯಾರೂ ಸುಮ್ಮನಿರಲ್ಲ, ಅಪ್ಪ ಅಮ್ಮನ ಕವರ್ ತೆಗೆದ್ರೆ ಮಾತ್ರ ಪಾಲಿಸಿ ಬದಲಾವಣೆ ಅಂತ ಒಪ್ಕೊಂಡುಬಿಡ್ತೀವಿ. ಅದೂ ಸಂಬಳ ಕಡಿತಾನೇ, ಅದೂ ಮನೇಲಿ ವಯಸ್ಸಾದವರು ಇರೋರಿಗೆ ಮಾತ್ರ ಬೀಳೋ ಕಡಿತ.

ಕೊನೆಗೆ ನೌಕರ ಬಂಧುಗಳಿಗೊಂದು ಮನವಿ, ಎಚ್‌ಆರ್‌ನೋರಿಗೂ. ಮುಂದಿನ ರಿನ್ಯೂವಲ್ ಮೂರು ತಿಂಗಳು ಇರೋವಾಗಲೇ ಕೇಳಿ, ಕೊನೇ ವಾರದಲ್ಲಿ ಕೇಳಿದ್ರೆ ಸಹಿ ಹಾಕೋದೊಂದೇ ಉಳಿದಿರತ್ತೆ. ಹೆಸರುಗಳಿಲ್ಲದ ಕ್ಲೇಮ್ ಲೆಕ್ಕ ತೋರಿಸಿ ಅನ್ನಿ, ಅತಿ ಹೆಚ್ಚು ದುಡ್ಡು ಯಾವ ಆಸ್ಪತ್ರೆಗೆ ಹೋಗಿದೆ, ಅದರ ಜೊತೆ ರೇಟು ಮಾತಾಡಿದೀರಾ ಅಂತ ಕೇಳಿ, ಬ್ರೋಕರ್‌ಗೆ ಎಷ್ಟು ಹೋಗತ್ತೆ ಅದು ಪ್ರೀಮಿಯಂ ಮೇಲಿನ ಪರ್ಸೆಂಟಾ ಅಥವಾ ನಿಗದಿ ಫೀಸಾ ಅಂತ ಕೇಳಿ, ಕೋ-ಪೇ ಹಾಕ್ತೀವಿ ಅಂದ್ರೆ ಬಿಪಿ ಶುಗರ್ ಮಾತ್ರೆಗಳನ್ನ, ಡಾಕ್ಟರ್ ಕನ್ಸಲ್ಟೇಷನ್‌ನ ಅದರಿಂದ ಹೊರಗಿಡಿ ಅಂತ ಹಠ ಮಾಡಿ. ಪಾಲಿಸಿ ಕಮಿಟಿ ಅಂತ ಮಾಡಿ ಅದರಲ್ಲಿ ನೌಕರರ ಕಡೆಯಿಂದ ಇಬ್ಬರನ್ನಾದ್ರೂ ಕೂರಿಸಿ, ಒಬ್ಬರು ಮನೇಲಿ ದೀರ್ಘ ಕಾಯಿಲೆಯವರನ್ನ ನೋಡಿಕೊಳ್ತಿರೋರು ಆಗಿದ್ರೆ ಒಳ್ಳೇದು, ಅವರಿಗೆ ಗೊತ್ತಿರೋ ವಿಷಯ ಬ್ರೋಕರ್ ಚಾರ್ಟಲ್ಲಿ ಇರಲ್ಲ. ತಮ್ಮ ಪತ್ರಿಕೆಯೂ ಈ ವಿಷಯದ ಬಗ್ಗೆ ಓದುಗರಿಂದ ಅನುಭವ ಕರೆದು, ಯಾವ ಕಂಪನಿ ಏನು ಮಾಡಿದೆ ಅಂತ ಪ್ರಕಟಿಸಿದ್ರೆ ಬೇರೆ ಕಂಪನಿಯೋರಿಗೆ ಕೇಳೋಕೆ ಒಂದು ಆಧಾರ ಸಿಗತ್ತೆ.

ಇಂತಿ ನಮಸ್ಕಾರಗಳು,
ಒಬ್ಬ ಓದುಗ